ಪಟ್ಟಿಯಲ್ಲಿಲ್ಲದ ಎಳನೀರು

ಈಗಲೂ ಯಾರಾದರೂ ಹಳೆಯ ಪರಿಚಯದವರು ಸಿಕ್ಕರೆ ಹೇಳುವ ಮಾತು ಒಂದೇ. "ಗಂಡನ ಸೇವೆಯನ್ನು ಎಷ್ಟು ತಾಳ್ಮೆಯಿಂದ ಮಾಡಿದಿರಿ!" ತಾಳ್ಮೆಯಂತೆ, ಮಣ್ಣಂಗಟ್ಟಿ! ಆಸ್ಪತ್ರೆಯ ಆ ದಿನಗಳಲ್ಲಿ ನನ್ನಲ್ಲಿ ಇದ್ದದ್ದು ಬರೀ ಸಿಟ್ಟು. ಬೆಳಿಗ್ಗೆ ಎದ್ದು ಮುಖ ತೊಳೆಯುವಾಗಲೇ ಶುರುವಾಗುತ್ತಿತ್ತು. ಡಾಕ್ಟರ ಮೇಲೆ ಸಿಟ್ಟು, ಭಾವನ ಮೇಲೆ ಸಿಟ್ಟು, ಅಹಮದಾಬಾದಿನ ಬಿಸಿಲಿನ ಮೇಲೆ ಸಿಟ್ಟು, ಎಲ್ಲರಿಗಿಂತ ಹೆಚ್ಚಾಗಿ ಮಂಚದ ಮೇಲೆ ಮಲಗಿದ್ದ ನಮ್ಮವರ ಮೇಲೆ ಸಿಟ್ಟು. ಕಾಯಿಲೆಯ ಮನುಷ್ಯನ ಮೇಲೆ ಯಾರಾದರೂ ಸಿಟ್ಟು ಮಾಡುತ್ತಾರಾ ಅಂತ ಕೇಳಬಹುದು. ಮಾಡುತ್ತಾರೆ. ನಾನು ಮಾಡಿದ್ದೇನೆ. ಸಿಟ್ಟಿಲ್ಲದಿದ್ದರೆ ಆ ವಾರ್ಡಿನಲ್ಲಿ ಎರಡು ದಿನ ನಿಲ್ಲಲೂ ನನ್ನಿಂದ ಆಗುತ್ತಿರಲಿಲ್ಲ.

ನಮ್ಮದು ಉಡುಪಿ ಕಡೆ. ಎಪ್ಪತ್ತರ ದಶಕದಲ್ಲಿ ನಾನು ಮದುವೆಯಾಗಿ ಬರುವ ಹೊತ್ತಿಗೆ ಇವರು ಅಹಮದಾಬಾದಿನ ಮಣಿನಗರ ಸ್ಟೇಷನ್ನಿನ ಹತ್ತಿರ ಸಣ್ಣದೊಂದು ಹೋಟೆಲು ಇಟ್ಟುಕೊಂಡಿದ್ದರು. ಇವರ ಅಣ್ಣ, ಅಂದರೆ ನನ್ನ ಭಾವ, ಸೂರತ್ತಿನ ಉಧ್ನಾದಲ್ಲಿ ಮಿಲ್ಲಿನವರಿಗೆ ಊಟ ಹಾಕುವ ಹೋಟೆಲು ನಡೆಸುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಇವರಿಗೆ ಹೋಟೆಲೇ ಮಗು. ಸಾಂಬಾರಿನ ಕೊಪ್ಪರಿಗೆಯ ಮುಚ್ಚಳ ಸರಿಸಿ, ಹಬೆಯನ್ನು ಮೂಸಿಯೇ "ಉಪ್ಪು ಸಾಲ್ದು" ಅನ್ನುವ ಮನುಷ್ಯ. ಮೂಸಿದ ಮೇಲೂ ನಂಬಿಕೆ ಸಾಲದೆ ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡುವರು. ದಿನಕ್ಕೆ ಹತ್ತು ಸಲ ಈ ಕೆಲಸ.

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿರಬೇಕು, ಇವರ ಕಾಲು ಊದಲು ಶುರುವಾಯಿತು. "ಒಲೆ ಮುಂದೆ ನಿಂತು ನಿಂತು ಹಾಗೆ" ಅಂದರು. ಬೆಳಿಗ್ಗೆ ಏಳುವಾಗ ಮುಖ ದಪ್ಪ ಆಗಿರುತ್ತಿತ್ತು. "ನಿದ್ದೆ ಸರಿ ಆಗ್ಲಿಲ್ಲ" ಅಂದರು. ವಾಂತಿ ಬಂತು. ಬೀದಿಯ ತುದಿಯಲ್ಲಿದ್ದ ಡಾಕ್ಟರು ಗ್ಯಾಸ್ ಅಂದರು. ಆರು ತಿಂಗಳು ಗ್ಯಾಸಿನ ಮಾತ್ರೆ ನುಂಗಿಸಿದ ಆ ಪುಣ್ಯಾತ್ಮ ಒಂದು ಸಲವಾದರೂ ಮೂತ್ರ ಪರೀಕ್ಷೆ ಮಾಡಿಸಲಿಲ್ಲ. ದೊಡ್ಡಾಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರು ಕಾಗದ ನೋಡಿ, ಎರಡೂ ಕಿಡ್ನಿ ಕೆಲಸ ಬಿಟ್ಟಿವೆ ಅಂದರು. ಹೇಳಿದ್ದೂ ಇವರಿಗಲ್ಲ, ನನಗಲ್ಲ, ಜೊತೆಗೆ ಬಂದಿದ್ದ ಭಾವನಿಗೆ. ನಾನು ಪಕ್ಕದಲ್ಲೇ ಕಂಬದ ಹಾಗೆ ನಿಂತಿದ್ದೆ.

ದಾರಿ ಒಂದೇ ಇತ್ತು. ವಾರಕ್ಕೆ ಎರಡು ಸಲ ಯಂತ್ರಕ್ಕೆ ಹಾಕಿ ರಕ್ತ ಶುದ್ಧ ಮಾಡುವುದು. ಆಮೇಲೆ ಒಡಹುಟ್ಟಿದವರ ಕಿಡ್ನಿ ಹೊಂದಿದರೆ ಆಪರೇಷನ್. ಭಾವನ ರಕ್ತ ಹೊಂದಿತು, ಅವರು ಒಪ್ಪಿದರು. ಆದರೆ ತಪಾಸಣೆ, ಕಾಗದಪತ್ರ, ಸರದಿ ಎಲ್ಲ ಮುಗಿಯಲು ಎರಡು ತಿಂಗಳಾದರೂ ಬೇಕಿತ್ತು. ಅಲ್ಲಿಯವರೆಗೆ ಇವರನ್ನು ಆಪರೇಷನ್ ತಡೆದುಕೊಳ್ಳುವ ಸ್ಥಿತಿಯಲ್ಲಿ ಉಳಿಸಿಕೊಳ್ಳಬೇಕು. "ಅದು ನಿಮ್ಮ ಕೆಲಸ, ಬೆನ್" ಅಂದರು ಡಾಕ್ಟರು; ಅಲ್ಲಿ ಹೆಂಗಸರನ್ನೆಲ್ಲ ಹಾಗೇ ಕರೆಯುವುದು, ತಂಗಿ ಅಂತ. ನನ್ನ ಕಡೆ ನೋಡಿ ಅವರು ಆಡಿದ ಮೊದಲ ಮಾತು ಅದು.

ಮೊದಲ ಹದಿನೈದು ದಿನದಲ್ಲೇ ಗೊತ್ತಾಯಿತು, ಅದು ನನ್ನೊಬ್ಬಳ ಕೈಯಲ್ಲಿರುವ ಕೆಲಸ ಅಲ್ಲ ಅಂತ. ಇವರ ಎಡಗೈಯಲ್ಲಿ ನರಕ್ಕೆ ಒಂದು ಕೊಳವೆ ಕೂಡಿಸಿ ಹೊರಗೆ ಬಿಟ್ಟಿದ್ದರು, ಯಂತ್ರಕ್ಕೆ ಜೋಡಿಸಲು. ಆ ಕೈಗೆ ಸೂಜಿ ಚುಚ್ಚಬಾರದು, ಬಿ.ಪಿ. ನೋಡುವ ಬಟ್ಟೆ ಸುತ್ತಬಾರದು ಅಂತ ನನಗೆ ನೂರು ಸಲ ಹೇಳಿದ್ದರು. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಹೊಸದಾಗಿ ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಅದೇ ಕೈಗೆ ಬಿಗಿಯಾಗಿ ಬಟ್ಟೆ ಸುತ್ತಿ ಗಾಳಿ ಊದುತ್ತಿದ್ದಳು. ಸಂಜೆಗೆ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಿತು. ಮತ್ತೆ ಕುಯ್ದು ಕಾಲಿಗೆ ಕೂಡಿಸಿದರು. ಆ ಗಾಯಕ್ಕೆ ನಂಜಾಗಿ ನಾಲ್ಕು ದಿನ ಚಳಿಜ್ವರ. ಮೇ ತಿಂಗಳ ಉರಿಬಿಸಿಲಿನಲ್ಲಿ ಮೂರು ಕಂಬಳಿ ಹೊದ್ದು ಹಲ್ಲು ಕಟಕಟ ಅನ್ನಿಸುತ್ತಿದ್ದರು. ನಾನು ಡಾಕ್ಟರನ್ನು ತಡೆದು ನಿಲ್ಲಿಸಿ ಕೇಳಿದೆ. "ಹೀಗೆಲ್ಲ ಆಗುತ್ತದೆ, ಬೆನ್" ಅಂದು ನಡೆದರು. ಆಗುತ್ತದಂತೆ! ಹೋಟೆಲಿನಲ್ಲಿ ದೋಸೆ ಸೀದರೂ ನಾವು ಗಿರಾಕಿಯ ಹತ್ತಿರ ತಪ್ಪಾಯಿತು ಅನ್ನುತ್ತೇವೆ.

ಅಂದಿನಿಂದ ನಾನು ಆ ಮಂಚದ ಕಾವಲುಗಾರ್ತಿ. ಯಾರು ಬಂದರೂ ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಟ್ಟು ಆಮೇಲೆ ಇವರನ್ನು ಮುಟ್ಟಬೇಕು. ವಾರ್ಡಿನ ನರ್ಸುಗಳು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ತಿರುಗಿಸಲಿ.

ಎಲ್ಲಕ್ಕಿಂತ ದೊಡ್ಡ ಜಗಳ ನೀರಿನದು. ದಿನಕ್ಕೆ ಅರ್ಧ ಲೀಟರ್, ಕಾಫಿ, ಮಾತ್ರೆಯ ಗುಟುಕು ಎಲ್ಲ ಸೇರಿ. ಹೆಚ್ಚಾದರೆ ಎದೆಗೆ ನೀರು ತುಂಬುತ್ತದೆ. ನಾನು ಬೆಳಿಗ್ಗೆಯೇ ಒಂದು ಸ್ಟೀಲಿನ ಚೊಂಬಿಗೆ ಅಳೆದು ಹಾಕಿ, ಅದಕ್ಕೆ ತಟ್ಟೆ ಮುಚ್ಚಿ ನನ್ನ ಕಾಲ ಬುಡದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತಿತ್ತು. ಇವರ ತುಟಿ ಒಡೆದು ಸಿಪ್ಪೆ ಏಳುತ್ತಿತ್ತು.

"ಇವಳೇ, ಒಂದು ಗುಟುಕು."

"ಈಗ ತಾನೇ ಕೊಟ್ಟೆ."

"ಅದು ನಾಲಿಗೆ ದಾಟ್ಲೇ ಇಲ್ಲ ಮಾರಾಯ್ತಿ. ಒಂದೇ ಒಂದು ಗುಟುಕು."

"ಗಂಟೆ ಹನ್ನೊಂದು. ಚೊಂಬು ಅರ್ಧ ಆಗಿದೆ. ಸಂಜೆ ತನಕ ನೀವೇನು ಗಾಳಿ ಕುಡೀತೀರಾ?"

"ನೀನು ಒಳ್ಳೇ ಪೊಲೀಸಿನವಳು."

"ಹೌದು, ಪೊಲೀಸೇ. ಸುಮ್ನೆ ಮಲಗಿ."

ಊಟದ ಹೊತ್ತಿಗೂ ಇದೇ ಕತೆ. ಉಪ್ಪಿಲ್ಲದ ಅನ್ನ, ಉಪ್ಪಿಲ್ಲದ ಸೋರೆಕಾಯಿ ಪಲ್ಯ. ತಟ್ಟೆ ನೋಡಿದ ಕೂಡಲೇ ಇವರು ಗೋಡೆ ಕಡೆ ತಿರುಗುತ್ತಿದ್ದರು. ನಾನು ಬೈದು, ಗದರಿಸಿ, "ಅಲ್ಲಿ ನಿಮ್ಮಣ್ಣ ಹೊಟ್ಟೆ ಕುಯ್ಸಿಕೊಳ್ಳಲು ತಯಾರಾಗಿದ್ದಾರೆ, ಇಲ್ಲಿ ನಿಮಗೆ ನಾಲಿಗೆ ರುಚಿಯ ಚಿಂತೆ" ಅಂತ ಹಂಗಿಸಿ ತಿನ್ನಿಸುತ್ತಿದ್ದೆ. ಆ ಎರಡು ತಿಂಗಳಲ್ಲಿ ನಾನು ಇವರ ಬಾಯಿಗೆ ಇಟ್ಟ ಒಂದೊಂದು ತುತ್ತಿನ ಜೊತೆಗೂ ಒಂದೊಂದು ಬೈಗುಳ ಇತ್ತು.

ಏನು ತಿನ್ನಬಾರದು ಅನ್ನುವುದಕ್ಕೆ ಆಸ್ಪತ್ರೆಯವರು ಒಂದು ಅಚ್ಚಾದ ಪಟ್ಟಿ ಕೊಟ್ಟಿದ್ದರು. ಗುಜರಾತಿಯಲ್ಲಿ ಇತ್ತು. ಅಂಗಡಿ ಬೋರ್ಡು ಓದುವಷ್ಟು ಗುಜರಾತಿ ನನಗೆ ಬರುತ್ತಿತ್ತು. ಅಕ್ಷರ ಅಕ್ಷರ ಕೂಡಿಸಿ ಓದಿದೆ, ಅನುಮಾನ ಬಂದಲ್ಲಿ ನರ್ಸನ್ನು ಕೇಳಿದೆ. ಉಪ್ಪಿನಕಾಯಿ, ಹಪ್ಪಳ, ಕರಿದ ತಿಂಡಿ, ಮಜ್ಜಿಗೆ, ಬಾಳೆಹಣ್ಣು, ಮೋಸಂಬಿ, ಟೊಮೆಟೊ, ಆಲೂಗಡ್ಡೆ. ಗುಜರಾತಿ ಮನೆಯ ಅಡುಗೆಕೋಣೆಗೆ ಸರಿಯಾಗಿ ಬರೆದ ಪಟ್ಟಿ ಅದು. ನಾನು ಅದನ್ನು ಕನ್ನಡದಲ್ಲಿ ಬರೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದೆ. ಅದರಲ್ಲಿದ್ದ ಒಂದು ವಸ್ತುವನ್ನೂ ಇವರ ಹತ್ತಿರ ಸುಳಿಯಲು ಬಿಡಲಿಲ್ಲ. ದೇವರಾಣೆ.

ಆಪರೇಷನ್ನಿಗೆ ಇನ್ನು ಮೂರು ವಾರ ಇದೆ ಅನ್ನುವಾಗ ಒಂದು ಭಾನುವಾರ ಭಾವ ಉಧ್ನಾದಿಂದ ಬೆಳಗಿನ ರೈಲಿಗೆ ಬಂದರು. ತಮ್ಮನ ಒಡೆದ ತುಟಿ ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಎಂತ ಇದು? ಬಾಯಿ ಒಣಗಿ ಹೋಗಿದೆ ಇವನದ್ದು. ಒಂದು ಎಳನೀರಾದ್ರೂ ಕೊಡ್ಲಿಕ್ಕೆ ಆಗ್ಲಿಲ್ವಾ ನಿನಗೆ?"

"ನೀರು ಕೊಡ್ಲಿಕ್ಕಿಲ್ಲ ಅಂತ ಡಾಕ್ಟರು ಹೇಳಿದ್ದಾರೆ, ಭಾವ."

"ಎಳನೀರು ನೀರಾ? ಅದು ಮದ್ದು ಮಾರಾಯ್ತಿ. ಎಷ್ಟು ಉಷ್ಣದ ಮದ್ದು ಹೋಗ್ತಾ ಉಂಟು ಇವನ ಮೈಯೊಳಗೆ, ತಂಪು ಬೇಡ್ವಾ?"

ನನಗೆ ಅದು ಸರಿ ಅನ್ನಿಸಿತು. ಯಾಕೆ ಅನ್ನಿಸುವುದಿಲ್ಲ? ನಮ್ಮ ಕಡೆ ಹೆತ್ತವಳಿಗೆ ಎಳನೀರು, ಜ್ವರದವನಿಗೆ ಎಳನೀರು, ಉಚ್ಚೆ ಉರಿದರೆ ಎಳನೀರು. ಏಕಾದಶಿಯ ದಿನ ಅನ್ನ ಮುಟ್ಟದ ನನ್ನ ಅತ್ತೆ ಎಳನೀರು ಕುಡಿದು, ಕೇಳಿದವರಿಗೆ "ಎಂತದ್ದೂ ತಗೊಳ್ಲಿಲ್ಲ" ಅನ್ನುತ್ತಿದ್ದರು. ಅದು ಸುಳ್ಳಲ್ಲ. ಎಳನೀರು ನಮಗೆ ಊಟದ ಲೆಕ್ಕದಲ್ಲೇ ಇಲ್ಲ, ತಿಂದದ್ದರಲ್ಲೂ ಇಲ್ಲ, ಕುಡಿದದ್ದರಲ್ಲೂ ಇಲ್ಲ. ಇನ್ನು ಆ ಎಳನೀರಿನ ಗಾಡಿ ಇದ್ದದ್ದಾದರೂ ಎಲ್ಲಿ? ಆಸ್ಪತ್ರೆಯ ಗೇಟಿನ ಎದುರಿಗೇ. ಒಳಗೆ ಹೋಗುವ ನೂರು ಜನರಲ್ಲಿ ಐವತ್ತು ಜನ ರೋಗಿಗೆ ಅಂತ ಅದನ್ನೇ ಒಯ್ಯುತ್ತಿದ್ದರು.

ಆದರೂ ನಾನು ಹುಷಾರಿ. ಎಳನೀರು ಎಷ್ಟು ಬಂತೋ ಅಷ್ಟು ನೀರನ್ನು ಚೊಂಬಿನಿಂದ ಚೆಲ್ಲಿಬಿಡುತ್ತಿದ್ದೆ. ಬೆಳಿಗ್ಗೆ ಒಂದು ಸಣ್ಣ ಕಾಯಿ, ಸಂಜೆ ಒಂದು. ಮೊದಲ ದಿನ ಕಾಯಿಯನ್ನು ಬಿಸಿಲು ತಾಗದ ಹಾಗೆ ಸೆರಗಿನಲ್ಲಿ ಮುಚ್ಚಿ ತಂದು ಇವರ ಮುಂದೆ ಹಿಡಿದಾಗ ನನಗೇ ಹಿಗ್ಗು. ಇವರು ಕಾಯಿಯನ್ನು ನೋಡಿದರು, ನನ್ನ ಮುಖವನ್ನು ನೋಡಿದರು. "ಕುಡೀರಿ, ಊರಿನದ್ದಷ್ಟು ಸಿಹಿ ಇರ್ಲಿಕ್ಕಿಲ್ಲ" ಅಂದೆ. ಸ್ಟ್ರಾ ಕಚ್ಚಿ ಕಣ್ಣು ಮುಚ್ಚಿ ಕುಡಿದರು. ಕೊನೆಗೆ ಸುರ್ ಅಂತ ಸದ್ದು ಬಂದಾಗ ಇಬ್ಬರೂ ನಕ್ಕೆವು.

ಆ ವಾರ ಇವರ ರಕ್ತದ ಕಾಗದ ನೋಡಿ ಡಾಕ್ಟರ ಹುಬ್ಬು ಗಂಟಿಕ್ಕಿತು. "ಏನು ಕೊಟ್ಟಿರಿ?" ಅಂತ ಕೇಳಿದರು. ಅನ್ನ, ಪಲ್ಯ, ಅರ್ಧ ಲೋಟ ಕಾಫಿ ಅಂದೆ. "ಇನ್ನೇನು?" ಇನ್ನೇನೂ ಇಲ್ಲ ಅಂದೆ. ಮಾರನೆಯ ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ದಿನ ಅವರು ಕಾಗದವನ್ನು ಮಂಚದ ಮೇಲೆ ಬಡಿದು, ಇಡೀ ವಾರ್ಡಿಗೆ ಕೇಳುವ ಹಾಗೆ ಹಿಂದಿಯಲ್ಲಿ ಕೂಗಿದರು. ನೀವು ಹೋಟೆಲಿನವರು ಕದ್ದು ತಿನ್ನಿಸುತ್ತೀರಿ, ಬಾಳೆಹಣ್ಣು ಕೊಟ್ಟಿದ್ದೀರಿ, ಸುಳ್ಳು ಹೇಳುತ್ತೀರಿ, ಆಮೇಲೆ ರೋಗಿ ಸತ್ತರೆ ನಮ್ಮ ಮೇಲೆ ಹಾಕುತ್ತೀರಿ ಅಂತ.

ಪಿತ್ತ ನೆತ್ತಿಗೇರಿತು ನನಗೆ. ಸೆರಗಿನ ಗಂಟು ಬಿಚ್ಚಿ ಪಟ್ಟಿಯನ್ನು ಅವರ ಮುಖದ ಮುಂದೆ ಹಿಡಿದೆ. ಹಿಂದಿ, ಗುಜರಾತಿ, ಕನ್ನಡ ಮೂರನ್ನೂ ಕಲಸಿ ಬಾಯಿಗೆ ಬಂದ ಹಾಗೆ ಕೂಗಿದೆ. ಕೈಗೆ ಬಟ್ಟೆ ಸುತ್ತಿ ಕೊಳವೆ ಕೆಡಿಸಿದವರು ನೀವು, ನಂಜು ಮಾಡಿದವರು ನೀವು, ಈಗ ಕಳ್ಳಿ ನಾನಾ? ಇವರು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಒಂದು ಮಾತು ಆಡಲಿಲ್ಲ. ನಿಶ್ಶಕ್ತಿ ಇರಬೇಕು ಅಂದುಕೊಂಡೆ.

ಮರುದಿನ ಮಧ್ಯಾಹ್ನ ಇವರು "ಕಾಲು ಏಳ್ತಾ ಇಲ್ಲ" ಅಂದರು. "ಸೋಮಾರಿತನ ಬೇಡ, ಕೂತ್ಕೊಳ್ಳಿ" ಅಂತ ಗದರಿಸಿದೆ. "ಇಲ್ಲ ಇವಳೇ, ಯಾರದ್ದೋ ಕಾಲಿನ ಹಾಗೆ ಉಂಟು" ಅಂದರು. ಕೈ ಹಿಡಿದು ನೋಡಿದರೆ ನಾಡಿ ಸಿಗುತ್ತಿಲ್ಲ. ಸಿಕ್ಕಿತು, ಮತ್ತೆ ಬಿಟ್ಟುಹೋಯಿತು. ಓಡಿ ನರ್ಸನ್ನು ಕರೆದೆ. ಅವಳು ಡಾಕ್ಟರನ್ನು ಕರೆದಳು. ನಾಲ್ಕೈದು ಜನ ಮಂಚ ಸುತ್ತಿದರು, ನರಕ್ಕೆ ಒಂದರ ಮೇಲೊಂದು ಇಂಜೆಕ್ಷನ್ ಹಾಕಿದರು, ಮಂಚವನ್ನೇ ತಳ್ಳಿಕೊಂಡು ಯಂತ್ರದ ಕೋಣೆಗೆ ಓಡಿದರು. ಹೃದಯ ನಿಲ್ಲುವುದರಲ್ಲಿ ಇತ್ತು ಅಂತ ನನಗೆ ಆಮೇಲೆ ಹೇಳಿದರು.

ಮಂಚ ಹೋದ ಜಾಗ ಖಾಲಿ. ಪಕ್ಕದ ಸ್ಟೂಲಿನ ಮೇಲೆ ಬೆಳಗಿನ ಎಳನೀರಿನ ಕಾಯಿ, ಸ್ಟ್ರಾ ಸಮೇತ. ನರ್ಸು ಅದನ್ನು ನೋಡಿ ನಿಂತಳು. "ಇದು ಯಾರದು?" ಅಂದಳು.

"ನಮ್ಮದೇ" ಅಂದೆ.

ಡಾಕ್ಟರು ಬಂದರು. ಈ ಸಲ ಕೂಗಲಿಲ್ಲ. ಬಾಳೆಹಣ್ಣಿನಲ್ಲಿ ಯಾವ ಉಪ್ಪು ಇದೆಯೋ ಅದೇ ಎಳನೀರಿನಲ್ಲೂ ತುಂಬಿದೆ, ಕಿಡ್ನಿ ಸರಿ ಇದ್ದವರಿಗೆ ಅದು ಹೊರಗೆ ಹೋಗುತ್ತದೆ, ಇವರಿಗೆ ಹೋಗುವುದಿಲ್ಲ, ಹೃದಯವನ್ನು ನಿಲ್ಲಿಸುತ್ತದೆ ಅಂದರು. ನಾನು ಆಗಲೂ ಜಗಳಕ್ಕೆ ಇಳಿದೆ. "ನಿಮ್ಮ ಪಟ್ಟಿಯಲ್ಲಿ ಎಲ್ಲಿದೆ, ತೋರಿಸಿ!" ಅಂದೆ. ಅವರು ಪಟ್ಟಿ ತೆಗೆದು ನೋಡಿದರು. ಮೇಲಿನಿಂದ ಕೆಳಗಿನವರೆಗೆ ನೋಡಿದರು. ಇರಲಿಲ್ಲ. "ನಾನು ಮೂರು ದಿನ ಕೇಳಿದೆನಲ್ಲ ಬೆನ್, ಇನ್ನೇನು ಕೊಟ್ಟಿರಿ ಅಂತ" ಅಂದರು. ಕೇಳಿದ್ದರು. ನಾನು ಸುಳ್ಳು ಹೇಳಿರಲಿಲ್ಲ. ಅವರು ಪಟ್ಟಿಯಲ್ಲಿ ಬರೆದಿರಲಿಲ್ಲ. ಇಬ್ಬರೂ ಸೇರಿ ಒಬ್ಬ ಮನುಷ್ಯನನ್ನು ಕೊಲ್ಲುವುದರಲ್ಲಿದ್ದೆವು. ಆ ಹೊತ್ತು ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಯಾರಿಗೆ ಹೇಳಲಿ? ನನ್ನ ಕೈಯನ್ನು ನಾನೇ ಗೋಡೆಗೆ ಬಡಿದುಕೊಂಡೆ.

ಭಾವ ಸುದ್ದಿ ಕೇಳಿ ಓಡಿ ಬಂದರು. ವರಾಂಡದ ಬೆಂಚಿನಲ್ಲಿ ಕೂತು, "ನಾನೇ ಹೇಳಿದ್ದಲ್ವಾ, ನಾನೇ ಹೇಳಿದ್ದಲ್ವಾ" ಅಂತ ಎರಡೂ ಕೈಯಲ್ಲಿ ಮುಖ ಮುಚ್ಚಿ ಅತ್ತರು. ನಾನು ಸಮಾಧಾನ ಹೇಳಲಿಲ್ಲ. ಅಳಲಿ ಅಂತ ಬಿಟ್ಟೆ. ಬೈಯಬೇಕು ಅಂತ ಬಾಯಿ ತುದಿಗೆ ಬಂದಿತ್ತು. ಆದರೆ ಇನ್ನು ಎರಡು ವಾರಕ್ಕೆ ತನ್ನ ಮೈಯಿಂದ ಒಂದು ಕಿಡ್ನಿ ತೆಗೆದು ಕೊಡುವ ಮನುಷ್ಯನಿಗೆ ಏನಂತ ಬೈಯುವುದು? ಸಿಟ್ಟು ಮಾಡಲಿಕ್ಕೂ ಬಿಡಲಿಲ್ಲ ಈ ಅಣ್ಣತಮ್ಮ ನನ್ನನ್ನು.

ಇವರು ಉಳಿದರು. ಆಪರೇಷನ್ ಒಂದು ವಾರ ಮುಂದಕ್ಕೆ ಹೋಯಿತು. ನಾನು ಮೊದಲಿಗಿಂತ ಕೆಟ್ಟವಳಾದೆ. ಬಂದವರ ಚೀಲ ಹುಡುಕುತ್ತಿದ್ದೆ. ಚೊಂಬಿನ ನೀರನ್ನು ಚಮಚದಲ್ಲಿ ಕೊಡುತ್ತಿದ್ದೆ. ನಗು ಅನ್ನುವುದು ನನ್ನ ಮುಖದ ಹತ್ತಿರ ಬರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ. ಪಕ್ಕದ ಮಂಚದಲ್ಲಿ ವಡೋದರಾ ಕಡೆಯ ಮುದುಕರೊಬ್ಬರು ಇದ್ದರು, ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದೆವು. ವರ್ಷದಿಂದ ಯಂತ್ರದ ಚಿಕಿತ್ಸೆಯಲ್ಲೇ ಇದ್ದವರು, ಡಾಕ್ಟರಿಗೆ ಗೊತ್ತಿರುವುದೆಲ್ಲ ಅವರಿಗೂ ಗೊತ್ತಿತ್ತು. ಅಂದು ಅವರು ವಡೋದರಾ ಹತ್ತಿರದ ಕೊಯಾಲಿಯಲ್ಲಿದ್ದ ಮಗನ ಮನೆಗೆ ಹೊರಟಿದ್ದರು. ಚೀಲ ಕಟ್ಟಿಕೊಂಡು ಇವರ ಮಂಚದ ಹತ್ತಿರ ಬಂದು ತಲೆ ಸವರಿದರು. "ಇನ್ನು ನನ್ನ ಮಾತು ಕೇಳು ಮಗನೇ. ಮೊದಲ ದಿನವೇ ಹೇಳಿದ್ದೆ ನಿನಗೆ, ಎಳನೀರು ಮುಟ್ಟಬೇಡ ಅಂತ. ಕೇಳಲಿಲ್ಲ ನೀನು" ಅಂದು, ನನಗೆ ಕೈ ಮುಗಿದು ಹೋದರು.

ಕೈಯಲ್ಲಿದ್ದ ಚಮಚ ಕೆಳಗಿಟ್ಟೆ.

"ಕಾಕಾ ಹೇಳಿದ್ದು ಹೌದಾ?"

ಇವರು ಛಾವಣಿ ನೋಡುತ್ತಿದ್ದರು. "ಹೂಂ."

"ಯಾವಾಗ?"

"ನೀನು ಮೊದಲ ಕಾಯಿ ತರ್ಲಿಕ್ಕೆ ಗೇಟಿಗೆ ಹೋಗಿದ್ದಾಗ. ಎಂತ ತರ್ಲಿಕ್ಕೆ ಹೋದಳು ಅಂತ ಕೇಳಿದ್ರು, ಹೇಳಿದೆ. ಯಾರಿಗೂ ಹೇಳ್ಬೇಡಿ ಅಂತ ನಾನೇ ಕೈ ಮುಗಿದೆ."

"ಗೊತ್ತಿದ್ದೂ ಕುಡಿದ್ರಾ? ಒಂದು ವಾರ? ಆ ಡಾಕ್ಟರು ನನ್ನನ್ನು ಕಳ್ಳಿ ಅಂತ ಕೂಗುವಾಗ ಬಾಯಿ ಮುಚ್ಚಿಕೊಂಡು ಮಲಗಿದ್ರಲ್ಲ! ಯಾಕೆ? ಬಾಯಾರಿಕೆಗೆ ಜೀವ ಕೊಡ್ಲಿಕ್ಕೆ ಹೊರಟಿದ್ರಾ ನೀವು?"

"ಬಾಯಾರಿಕೆ ಇತ್ತು, ಇಲ್ಲ ಅನ್ಲಿಕ್ಕಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಈ ಎರಡು ತಿಂಗಳಲ್ಲಿ ನೀನು ನಗ್ತಾ ಕೊಟ್ಟದ್ದು ಅದೊಂದೇ ಮಾರಾಯ್ತಿ. ಬೇಡ ಅಂತ ಹೇಗೆ ಹೇಳುದು?"

ಬೈದೆ. ನಾಚಿಕೆ ಬಿಟ್ಟು ಬೈದೆ. ಹುಚ್ಚ ಅಂದೆ, ಕೊಲೆಗಾರ ಅಂದೆ, ಮದುವೆಯಾದ ಲಾಗಾಯ್ತಿನದ್ದೆಲ್ಲ ಎತ್ತಿ ಆಡಿದೆ. ನರ್ಸು ಬಂದು, ನಾಳೆ ಆಪರೇಷನ್ ಇರುವವರಿಗೆ ಹೀಗೆ ಮಾಡಬಾರದು ಅಂತ ನನ್ನ ತೋಳು ಹಿಡಿದು ಹೊರಗೆ ಕಳಿಸಿದಳು. ವರಾಂಡದಲ್ಲಿ ನಿಂತು ಅತ್ತದ್ದೂ ಸಿಟ್ಟಿನಿಂದಲೇ.

ಭಾವನ ಕಿಡ್ನಿ ಹೊಂದಿಕೊಂಡಿತು. ಇವರು ಮತ್ತೆ ಒಂಬತ್ತು ವರ್ಷ ಬದುಕಿದರು, ಹೋಟೆಲಿಗೂ ಹೋದರು. ಕಡೆಗೆ ಹೋದದ್ದು ಬೇರೆ ಕಾಯಿಲೆಯಲ್ಲಿ. ಆ ಒಂಬತ್ತು ವರ್ಷದಲ್ಲಿ ನಾವು ಎಳನೀರಿನ ವಿಷಯ ಎತ್ತಲಿಲ್ಲ. ಎತ್ತಬೇಕಿತ್ತು. ಆಪರೇಷನ್ನಿನ ಮರುದಿನವೇ ಪಕ್ಕದಲ್ಲಿ ಕೂತು ಕೇಳಬೇಕಿತ್ತು. ಈಗ ಮನೆಯಲ್ಲಿ ಒಬ್ಬಳೇ ಕೂತಿರುವಾಗ ಗೋಡೆಯ ಮೇಲಿನ ಫೋಟೋದ ಜೊತೆ ಜೋರಾಗಿಯೇ ಜಗಳ ಆಡುತ್ತೇನೆ. ಕೇಳುವುದು ಒಂದೇ ಪ್ರಶ್ನೆ: ಸಾಯಲಿಕ್ಕಾದರೆ ತಯಾರಿದ್ದಿರಿ, "ಸ್ವಲ್ಪ ನಗು ಮಾರಾಯ್ತಿ" ಅಂತ ಬಾಯಿಬಿಟ್ಟು ಕೇಳಲಿಕ್ಕೆ ಏನಾಗಿತ್ತು ನಿಮಗೆ?